ಏಳನೆಯ ಮನೆಯ ಹಿಂದಿನ ಗೋಡೆ

ಖಜಾನೆಯ ಪಹರೆಯವನು ತೂಗುಬಿಟ್ಟ ಕಬ್ಬಿಣದ ತುಂಡಿಗೆ ಐದು ಪೆಟ್ಟು ಕೊಟ್ಟ. ಶಿಕಾರಿಪುರದ ತಾಲ್ಲೂಕು ಕಚೇರಿಯ ಹಿಂದಿನ ಹತ್ತು ಲೈನು ಮನೆಗಳಿಗೆ ಆ ಸದ್ದೇ ಗಡಿಯಾರ. ಕೊನೆಯ ಪೆಟ್ಟಿನ ಗುಂಯ್ ಎಂಬ ದನಿ ಹುಣಿಸೆಮರದ ತನಕ ಹೋಗಿ ಕರಗುವಷ್ಟರಲ್ಲಿ ಏಳನೆಯ ಮನೆಯ ಶೇಷಮ್ಮ ಚಾಪೆ ಸುತ್ತಿ ಮೂಲೆಗೆ ನಿಲ್ಲಿಸಿ, ಹಿಂದಿನ ಕೋಣೆಗೆ ನಡೆದು, ಗೋಡೆಯ ಮೇಲೆ ಅಂಗೈ ಆಡಿಸಿದಳು. ಮೊನ್ನೆ ಮೆತ್ತಿದ ಮಣ್ಣು ಆರಿ, ನಡುವೆ ಮತ್ತೆ ಕೂದಲೆಳೆಯಷ್ಟು ಬಾಯಿ ಬಿಟ್ಟಿತ್ತು. ನಾಲ್ಕು ದಿನ ಬಿಟ್ಟರೆ ಅದು ಬೆರಳು ತೂರುವಷ್ಟಾಗುತ್ತದೆ, ಎಂಟು ದಿನಕ್ಕೆ ಕೈ.

ಆ ಗೋಡೆಗೆ ಎರಡು ವರ್ಷದಿಂದ ಇದೇ ಚಾಳಿ. ಮನೆಗಳ ಬೆನ್ನಿಗೆ ಚರಂಡಿ ತೋಡಿದ ವರ್ಷ ತಳಪಾಯ ಒಂದು ಕಡೆ ಕುಸಿದು, ನೆಲದಿಂದ ಹಂಚಿನ ತನಕ ಓರೆಯಾಗಿ ಬಿರುಕು ಎದ್ದಿತ್ತು. ಮನೆ ಸರ್ಕಾರದ್ದು. ಸಂಬಳದಲ್ಲೇ ಬಾಡಿಗೆ ಮುರಿದುಕೊಳ್ಳುತ್ತಿದ್ದರು. ಲೈನಿನ ಮೊದಲ ಮನೆಯ ಗೋಡೆಗೆ ಬಡಿದ ತಗಡಿನಲ್ಲಿ, ವಾಸವಿರುವವರು ಕಟ್ಟಡಕ್ಕೆ ಯಾವ ಬದಲಾವಣೆಯನ್ನೂ ಮಾಡಕೂಡದು ಎಂದು ಬರೆದಿತ್ತು. ಸಾರಿಸುವುದನ್ನು ಯಾರೂ ಬದಲಾವಣೆ ಎಂದು ಲೆಕ್ಕ ಹಿಡಿದಿರಲಿಲ್ಲ. ಶೇಷಮ್ಮ ವಾರಕ್ಕೊಮ್ಮೆ ಕೆರೆಮಣ್ಣಿಗೆ ಸಗಣಿ, ಭತ್ತದ ಹೊಟ್ಟು ಕಲಸಿ ಬಿರುಕಿಗೆ ತುಂಬಿ, ಅಂಗೈಯಿಂದ ನುಣ್ಣಗೆ ಎಳೆಯುತ್ತಿದ್ದಳು.

ಅವಳ ಕೈಯೇ ಹಾಗೆ. ಚಂದ್ರಗುತ್ತಿಯ ಗುಡ್ಡದ ಬುಡದಲ್ಲಿ ಹುಟ್ಟಿದವಳು. ಮದುವೆಯಾಗಿ ಶಿಕಾರಿಪುರಕ್ಕೆ ಬಂದಾಗ ಗಂಡ ಸರ್ಕಾರಿ ಆಸ್ಪತ್ರೆಯ ಜವಾನ. ಅವನು ಜ್ವರದಲ್ಲಿ ತೀರಿಕೊಂಡಾಗ ಮಗಳು ಗುತ್ಯಮ್ಮನಿಗೆ ಐದು ವರ್ಷ. ಆಗಿದ್ದ ದೊಡ್ಡ ಡಾಕ್ಟರು ಶೇಷಮ್ಮನನ್ನು ಹೆರಿಗೆ ಕೋಣೆಯ ಆಯಾ ಮಾಡಿಕೊಂಡರು. ಮನೆಯೂ ಅವಳ ಹೆಸರಿಗೇ ಉಳಿಯಿತು. ಹದಿನಾಲ್ಕು ವರ್ಷಗಳಲ್ಲಿ ಅವಳು ತೊಳೆದು ಬಟ್ಟೆಯಲ್ಲಿ ಸುತ್ತಿದ ಕೂಸುಗಳಿಗೆ ಲೆಕ್ಕವಿರಲಿಲ್ಲ. ಆಸ್ಪತ್ರೆಯ ನೆಲವನ್ನು ಫಿನಾಯಿಲಿನಿಂದ ಒರೆಸಿ, ಮನೆಗೆ ಬಂದು ಮನೆಯ ನೆಲವನ್ನು ಸಗಣಿಯಿಂದ ಸಾರಿಸಿ, ಆಮೇಲೆ ಉಣ್ಣಲು ಕೂರುವಳು. ಅವಳ ಜಗಲಿಯ ಕೆಮ್ಮಣ್ಣಿನ ಅಂಚು ದಾರ ಹಿಡಿದು ಗೆರೆ ಎಳೆದಂತೆ ಇರುತ್ತಿತ್ತು. ಬೆಳಗಿನ ಬಿಸಿಲು ಹೊಸ್ತಿಲು ದಾಟಿ ಆ ನೆಲದ ಮೇಲೆ ಬಂದಾಗ, ಅದೂ ಕಾಲು ತೊಳೆದುಕೊಂಡೇ ಒಳಗೆ ಬಂದಂತೆ ಕಾಣುತ್ತಿತ್ತು.

ಗುತ್ಯಮ್ಮನನ್ನು ಸೊರಬದ ಕಡೆಯ ಕುಪ್ಪಗಡ್ಡೆಗೆ ಕೊಟ್ಟಿತ್ತು. ಈಗ ಅವಳಿಗೆ ನಾಲ್ಕು ತಿಂಗಳು ತುಂಬಿತ್ತು. ಏಳರಲ್ಲಿ ಸೀಮಂತದ ಕುಬಸ ಮಾಡಿ, ಹಸಿರು ಬಳೆ ಇಡಿಸಿ, ಚೊಚ್ಚಲಿಗೆ ತವರಿಗೆ ಕರೆದುಕೊಂಡು ಬರುವುದು ವಾಡಿಕೆ. ಶೇಷಮ್ಮನಿಗೆ ವಾಡಿಕೆಗಿಂತ ಹೆಚ್ಚಿನ ಕಾರಣವಿತ್ತು. ಗುತ್ಯಮ್ಮ ಸಣ್ಣ ಮೈಕಟ್ಟಿನ ಹುಡುಗಿ. ದೂರದ ಹಳ್ಳಿಗಳಿಂದ ಎತ್ತಿನ ಗಾಡಿಯಲ್ಲಿ ಹುಲ್ಲಿನ ಮೇಲೆ ಮಲಗಿಸಿಕೊಂಡು ತಂದ ಹೆಂಗಸರನ್ನು ಶೇಷಮ್ಮ ಇಳಿಸಿಕೊಂಡಿದ್ದಳು. ಕೆಲವರನ್ನು ಇಳಿಸಿಕೊಳ್ಳುವ ಮುಂಚೆಯೇ ಡಾಕ್ಟರು ನಾಡಿ ಹಿಡಿದು, ಕೈ ಬಿಟ್ಟು, ಗಾಡಿಯವನ ಮುಖ ನೋಡದೆ ಒಳಗೆ ಹೋಗಿದ್ದರು. ಅವಳ ಹಿಂದಿನ ಬಾಗಿಲಿನಿಂದ ಹೆರಿಗೆ ಕೋಣೆಗೆ ನೂರಿಪ್ಪತ್ತು ಹೆಜ್ಜೆ. ಅವಳು ಎಣಿಸಿದ್ದಳು.

ಪುಷ್ಯದಲ್ಲಿ ಬೀಗಿತ್ತಿ ಮೂಕಮ್ಮ ಬಂದು ಒಂದು ರಾತ್ರಿ ಉಳಿದಳು. ಮಾತಿನಲ್ಲಿ ಖಾರ, ಮನಸ್ಸಿನಲ್ಲಿ ಕೆಟ್ಟದ್ದಿಲ್ಲದ ಹೆಂಗಸು. ಬೆಳಿಗ್ಗೆ ಬಾಣಂತಿ ಕೋಣೆ ಆಗಬೇಕಾದ ಆ ಹಿಂದಿನ ಕೋಣೆಯಲ್ಲಿ ಕೂತು ತಲೆ ಬಾಚಿಕೊಳ್ಳುತ್ತಿದ್ದವಳು ಬಾಚಣಿಗೆ ಕೆಳಗಿಟ್ಟಳು. ಬಿರುಕಿನ ಬುಡದಿಂದ ಮೊಳದುದ್ದದ ಹಾವಿನ ಪೊರೆ, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ, ಗಾಳಿಗೆ ಅಲುಗುತ್ತಿತ್ತು.

"ಇದೇನ್ರೀ ಬೀಗಿತ್ತಿ? ನಿಮ್ಮನೇಗೆ ನನಗಿಂತ ಮೊದಲೇ ನೆಂಟರು ಬಂದು, ಅಂಗಿ ಬಿಚ್ಚಿಟ್ಟು ಹೋಗ್ಯಾರಲ್ಲ!"

"ಕೇರೆ ಹಾವಿಂದು. ಏನೂ ಮಾಡದಿಲ್ಲ."

"ಕೇರೆ ಬಂದ ದಾರೀಲಿ ನಾಗರ ಬರಬಾರದು ಅಂತ ಸರ್ಕಾರ ಆರ್ಡರು ಮಾಡೈತ? ನೋಡು ಮಾರಾಯ್ತಿ, ಸಿಟ್ಟು ಮಾಡ್ಕಾಬ್ಯಾಡ. ಹಸಿ ಬಾಣಂತಿ, ಹಸುಗೂಸು. ಈ ಗೋಡೆ ಸರಿ ಆಗದೆ ನಾನು ಹುಡುಗೀನ ಕಳಿಸದಿಲ್ಲ. ಕುಪ್ಪಗಡ್ಡೇಲೇ ಹೆರಲಿ. ನಾನೂ ಅಲ್ಲೇ ಆರು ಹೆತ್ತೀನಿ."

ಶೇಷಮ್ಮ ಪೊರೆಯನ್ನು ಕಡ್ಡಿಯಿಂದ ಎತ್ತಿ ಒಲೆಗೆ ಹಾಕಿದಳು. ಗಾಡಿಗಳ ಮಾತು ಬಾಯಿಗೆ ಬಂದಿತ್ತು. ಬಸುರಿಯ ಅತ್ತೆಯ ಮುಂದೆ ಅಂಥ ಮಾತು ಆಡಬಾರದೆಂದು ನುಂಗಿಕೊಂಡಳು.

ಪಕ್ಕದ ಎಂಟನೆಯ ಮನೆಯ ಮಾರಪ್ಪ ಕಚೇರಿಯ ದಲಾಯತ. ಕಾಗದಗಳನ್ನು ಮೇಜಿನಿಂದ ಮೇಜಿಗೆ ಹೊತ್ತೂ ಹೊತ್ತೂ ಅವುಗಳ ಭಾಷೆ ಕಲಿತವನು. ಅವನೇ ಅರ್ಜಿ ಬರೆದುಕೊಟ್ಟ. ಕನ್ನಡ ಸೀಮೆಗಳು ಕೂಡಿ ರಾಜ್ಯ ದೊಡ್ಡದಾಗಿ ಎರಡು ವರ್ಷವಾಗಿತ್ತು, ಫಾರಂಗಳು ಬದಲಾಗಿದ್ದವು. ಮೊದಲು ಬರೆದದ್ದು ಹಳೆಯ ಫಾರಂ ಎಂದು ವಾಪಸು ಬಂತು. ಎರಡನೆಯದಕ್ಕೆ ಡಾಕ್ಟರ ರುಜು ಬೇಕೆಂದರು. ಮೂರನೆಯದು ಹೋಗಿ ಕೂತಿತು. ಲೈನು ಮನೆಗಳನ್ನು ನೋಡಿಕೊಳ್ಳುವ ಓವರ್ಸಿಯರು ಸದಾಶಿವಪ್ಪನವರು ಇದ್ದದ್ದು ಸೊರಬದಲ್ಲಿ. ಎರಡು ತಾಲ್ಲೂಕಿಗೂ ಅವರೊಬ್ಬರೇ. ಮಾಘದ ಕೊನೆಗೆ, ಶುಕ್ರವಾರ ಸಾಹೇಬರು ಖುದ್ದು ಬಂದು ಹತ್ತೂ ಮನೆ ನೋಡುತ್ತಾರೆ ಎಂದು ಮಾರಪ್ಪ ಸುದ್ದಿ ತಂದ.

ಗುರುವಾರ ಶೇಷಮ್ಮ ರಜೆ ಹಾಕಿದಳು. ಮನೆಗೆ ದೊಡ್ಡವರು ಬರುತ್ತಾರೆಂದರೆ ಮಾಡಬೇಕಾದದ್ದೇನೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬುಟ್ಟಿಗಟ್ಟಲೆ ಮಣ್ಣು ತಂದಳು, ತುಳಿದಳು, ಹದಗೊಳಿಸಿದಳು. ಜಗಲಿ, ನಡುಮನೆ, ಹಿಂದಿನ ಕೋಣೆ ಎಲ್ಲ ಸಾರಿಸಿದಳು. ಬಿರುಕಿಗೆ ಹಳೆಯ ಗೋಣಿಯ ನಾರು ಸೇರಿಸಿ ಒಳತನಕ ತುಂಬಿ, ಮೇಲೆ ಎರಡು ಸಲ ಎಳೆದು, ಸುಣ್ಣ ಹೊಡೆದು, ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಕೊಟ್ಟಳು. ಶುಕ್ರವಾರ ಬಾಗಿಲಿಗೆ ರಂಗೋಲಿ ಇಟ್ಟು, ಮಜ್ಜಿಗೆಗೆ ಒಗ್ಗರಣೆ ಹಾಕಿ, ಸೆರಗು ಹೊದ್ದು ನಿಂತಳು.

ಸದಾಶಿವಪ್ಪನವರು ಮೂವತ್ತು ದಾಟಿದವರು, ಹಣೆಯ ಮೇಲೆ ವಿಭೂತಿ, ಕಂಕುಳಲ್ಲಿ ಅಳತೆಯ ಪುಸ್ತಕ. ಹೊಸ್ತಿಲಲ್ಲಿ ಒಂದು ಕ್ಷಣ ನಿಂತು, ಬೂಟು ಬಿಚ್ಚಿ ಒಳಗೆ ಬಂದರು.

"ಎಲ್ಲೈತಮ್ಮಾ ಬಿರುಕು?"

"ಇಲ್ಲೇ ಸಾಹೇಬ್ರೆ." ಶೇಷಮ್ಮ ಬೆಳ್ಳಗೆ ಹೊಳೆಯುವ ಗೋಡೆಯ ಮೇಲೆ ಓರೆಯಾಗಿ ಬೆರಳು ಎಳೆದು ತೋರಿಸಿದಳು.

ಅವರು ಕತ್ತು ಓರೆ ಮಾಡಿ ನೋಡಿದರು. ಪೆನ್ಸಿಲಿನ ಹಿಂಬದಿಯಿಂದ ತಟ್ಟಿದರು. "ನನಗೇನೂ ಕಾಣವಲ್ದು."

"ಒಳಗೈತಿ. ನಾನೇ ಮುಚ್ಚೀನಿ."

"ಮುಚ್ಚಿದ ಮ್ಯಾಲೆ ಆತಲ್ಲಮ್ಮಾ!"

"ಮತ್ತೆ ಬಿಡ್ತೈತಿ ಸಾಹೇಬ್ರೆ."

"ಬಿಟ್ಟಾಗ ಹೇಳಿಕಳ್ಸು, ಬರ್ತೀನಿ." ಮಜ್ಜಿಗೆ ಕುಡಿದು, ಲೋಟವನ್ನು ಹುಷಾರಾಗಿ ಕೆಳಗಿಟ್ಟು, ಹೊರಗೆ ಕೂಡಿದ್ದವರ ಕಡೆ ತಿರುಗಿದರು. "ನೋಡ್ರಪ್ಪಾ, ಸರ್ಕಾರಿ ಮನೀನ ಹೆಂಗಿಟ್ಕೋಬೇಕು ಅಂತ ಈ ತಾಯಿ ಹತ್ರ ಕಲೀರಿ."

ಪುಸ್ತಕದಲ್ಲಿ ಏಳನೆಯ ಮನೆ, ಸುಸ್ಥಿತಿ, ರಿಪೇರಿ ಬೇಕಿಲ್ಲ ಎಂದು ಬರೆದರು. ಎಂಟನೆಯದರ ಹಿಂದಿನ ಗೋಡೆ ಗಿಲಾವು ಉದುರಿ ಸಿಡುಬಿನ ಮುಖದಂತಿತ್ತು. ಮಾರಪ್ಪ ಅದಕ್ಕೆ ಒಂದು ದಿನವೂ ಕೈ ಹಚ್ಚಿದವನಲ್ಲ. ಅದು ರಿಪೇರಿ ಪಟ್ಟಿಗೆ ಏರಿತು.

ಸಾಹೇಬರು ಹೋದ ಮೇಲೆ ಮಾರಪ್ಪ ತಲೆ ಕೆರೆದುಕೊಂಡ. "ಶೇಷಕ್ಕಾ, ಹದ್ನಾಕು ವರ್ಷ ದವಾಖಾನ್ಯಾಗೆ ಕೆಲಸ ಮಾಡೀಯ. ಹುಣ್ಣು ತೋರ್ಸಕೆ ಬಂದೋರು ಅದರ ಮ್ಯಾಲೆ ಪೌಡ್ರು ಹಚ್ಕಂಡು ಬರ್ತಾರೇನು?"

"ಮನೀಗೆ ಬಂದೋರಿಗೆ ಹೊಲಸು ತೋರ್ಸು ಅಂತೀಯ?"

"ಅವರೇನು ಬೀಗ್ರ? ಹೊಲಸು ನೋಡಾಕೇ ಸಂಬಳ ತಗಂತಾರೆ!"

ಶೇಷಮ್ಮ ಲೋಟ ತೊಳೆದು ಬೋರಲು ಹಾಕಿದಳು. ಆಮೇಲೆ ಅದನ್ನೇ ಮತ್ತೊಮ್ಮೆ ತೊಳೆದಳು.

ಮುಂದಿನ ವಾರ ರಜೆಯ ಮೇಲೆ ಸೊರಬಕ್ಕೆ ಹೋದಳು. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ, ಕಾಯಿಪಲ್ಯದ ಬುಟ್ಟಿಗಳ ನಡುವೆ ನಿಂತು, ಮಧ್ಯಾಹ್ನಕ್ಕೆ ಓವರ್ಸಿಯರರ ಆಫೀಸು ಮುಟ್ಟಿದಳು. ಆಫೀಸೆಂದರೆ ಒಂದು ಹಳೆಯ ಮನೆಯ ಜಗಲಿ, ಎರಡು ಮೇಜು. ಸದಾಶಿವಪ್ಪನವರು ಊಟ ಮುಗಿಸಿ ಬರುವ ತನಕ ಕಂಬಕ್ಕೆ ಒರಗಿ ಕೂತಿದ್ದಳು.

ಅವಳ ಮಾತನ್ನು ಅವರು ಪೂರ್ತಿ ಕೇಳಿದರು. ಕೆಟ್ಟ ಮನುಷ್ಯರಲ್ಲ. "ತಾಯೀ, ನಾನು ಸುಸ್ಥಿತಿ ಅಂತ ಬರ್ದು ರುಜು ಹಾಕೀನಿ. ಈಗ ಬೀಳಂಗೈತಿ ಅಂತ ಬರದ್ರೆ, ಮೊದಲಿಂದು ಸುಳ್ಳೋ ಈಗಿಂದು ಸುಳ್ಳೋ ಅಂತ ಮೇಲಿನೋರು ನನ್ನನ್ನ ಕೇಳ್ತಾರೆ. ನಿನ್ನನ್ನಲ್ಲ."

"ಸುಳ್ಳು ಹೇಳಿದ್ದು ನನ್ನ ಕೈ ಸಾಹೇಬ್ರೆ. ನೀವಲ್ಲ."

ಅವರಿಗೆ ನಗು ಬಂತು. ಕ್ಯಾಲೆಂಡರು ನೋಡಿದರು. "ಬರೋ ಬುಧವಾರ ಆ ಕಡೆ ಬರೋದೈತಿ. ಇನ್ನೊಂದ್ ಸಲ ನೋಡ್ತೀನಿ. ಆದ್ರ ಗೋಡೆ ನನ್ನ ಕಣ್ಣಿಗೆ ಕಾಣ್ಬೇಕು. ಸುಣ್ಣ ಅಲ್ಲ, ಗೋಡೆ."

ವಾಪಸು ಬರುವಾಗ ಶಿರಾಳಕೊಪ್ಪದಲ್ಲಿ ಸಂತೆ. ಹಗ್ಗದ ಅಂಗಡಿಯ ಮುಂದೆ ಬೀಗ ಕೆಂಪಪ್ಪ ಸಿಕ್ಕ. ಗುತ್ಯಮ್ಮ ಚೆನ್ನಾಗಿದ್ದಾಳೆ, ಹುಳಿ ಮಾವಿನ ಮಿಡಿ ತಿನ್ನುತ್ತಾಳೆ ಎಂದೆಲ್ಲ ಹೇಳಿ, ಕೊನೆಗೆ ಹಗ್ಗ ಸುತ್ತುತ್ತ, "ಬುಧವಾರ ನಮ್ಮನೆಯವ್ಳು ನಿಮ್ಮಲ್ಲಿಗೆ ಬರ್ತಾಳಂತೆ. ಗೋಡೆ ನೋಡ್ಕಂಡೇ ಕುಬಸದ ದಿನ ಗೊತ್ತು ಮಾಡದು ಅಂತ ಕೂತಾಳೆ. ನನ್ನ ಮಾತು ಆ ಮನೇಲಿ ನಡೆಯದಿಲ್ಲ, ನಿಮಗೆ ಗೊತ್ತಲ್ಲ" ಎಂದ.

ಬುಧವಾರವೇ. ಒಬ್ಬರಿಗೆ ಗೋಡೆ ಒಡೆದು ಕಾಣಬೇಕು, ಇನ್ನೊಬ್ಬರಿಗೆ ಕೂಡಿ ಕಾಣಬೇಕು. ಬಸ್ಸಿನಲ್ಲಿ ಶೇಷಮ್ಮನಿಗೆ ಕೂರಲು ಜಾಗ ಸಿಕ್ಕಿತು. ಇಳಿಯುವ ತನಕ ಕಿಟಕಿಯ ಹೊರಗೆ ಏನು ಹೋಯಿತೆಂದು ಗೊತ್ತಾಗಲಿಲ್ಲ.

ಮಾರಪ್ಪನಿಗೆ ಇದು ತಮಾಷೆಯಾಗಿ ಕಂಡಿತು. "ಬೀಗಿತ್ತಿ ಮೊದಲ ಬಸ್ಸಿಗೆ ಬಂದ್ರೆ ಸಾರಿಸಿದ್ದು ತೋರ್ಸು, ಊಟಕ್ಕೆ ಹಾಕಿ ದೇವಸ್ಥಾನಕ್ಕೆ ಕಳ್ಸು. ಅಷ್ಟ್ರಾಗೆ ಸಾಹೇಬ್ರು ಬಂದ್ರೆ ನಾನೇ ಒಂದ್ ಒದೆ ಕೊಡ್ತೀನಿ ಗೋಡೀಗೆ."

"ನಿನ್ನ ಬುದ್ಧಿ ನಿನ್ನತ್ರನೇ ಇರ್ಲಿ" ಎಂದಳು ಶೇಷಮ್ಮ.

ಬುಧವಾರ ಬೆಳಿಗ್ಗೆ ಆಸ್ಪತ್ರೆಯ ಪಾಳಿ ಮುಗಿಸಿ ಬಂದವಳು ಸೀರೆ ಎತ್ತಿ ಕಟ್ಟಿ, ಮಾರಪ್ಪನ ಮನೆಯಿಂದ ಸಣ್ಣ ಹಾರೆ ತಂದು, ಗೋಡೆಯ ಮುಂದೆ ನಿಂತಳು. ಗೋಣಿನಾರಿನ ಹಿಡಿತಕ್ಕೆ ಬಿರುಕು ಈ ಸಲ ಬಾಯಿ ಬಿಟ್ಟಿರಲಿಲ್ಲ, ಸುಣ್ಣ ಇನ್ನೂ ಹೊಸದು. ಒಂದು ಗಳಿಗೆ ಅಂಗೈಯಿಂದ ಅದನ್ನು ಸವರಿದಳು. ಆಮೇಲೆ ಹಾರೆಯ ತುದಿಯಿಂದ ಎಬ್ಬತೊಡಗಿದಳು.

ಮೊದಲ ಪದರ ರೊಟ್ಟಿಯಂತೆ ಎದ್ದು ಬಂತು. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಪ್ರತಿ ವಾರದ್ದೂ ಬೇರೆ ಬೇರೆ ಬಣ್ಣ: ಬೇಸಿಗೆಯ ಕೆರೆಮಣ್ಣು, ಮಳೆಗಾಲದ ಅಂಗಳದ ಮಣ್ಣು, ದೀಪಾವಳಿಗೆ ಹೊಡೆದ ನೀಲಿ ಬೆರೆತ ಸುಣ್ಣ. ಅವೆಲ್ಲ ಹೋದ ಮೇಲೆ ಒಳಗೆ ಇಟ್ಟಿಗೆ ಇರಬೇಕಾದಲ್ಲಿ ಇಟ್ಟಿಗೆ ಇರಲಿಲ್ಲ. ಹಸಿ ಇಟ್ಟಿಗೆಗಳು ಚರಂಡಿಯ ತೇವ ಕುಡಿದು ಕುಡಿದು ಮಣ್ಣಾಗಿದ್ದವು. ಹಾರೆ ಒತ್ತದೆಯೇ ಒಳಗೆ ಹೋಯಿತು, ಆ ಕಡೆಯಿಂದ ಬೆಳಕು ಬಂತು. ಇಷ್ಟಾಗಿದೆ ಎಂದು ಅವಳಿಗೂ ಗೊತ್ತಿರಲಿಲ್ಲ. ಇಲ್ಲಿ ಮಗಳನ್ನು ಮಲಗಿಸುವುದಿತ್ತು.

"ಅಯ್ಯಯ್ಯ! ಏನ್ ಮಾಡ್ತಿದೀರಿ ಬೀಗಿತ್ತಿ? ಗೋಡೆ ರಿಪೇರಿ ಮಾಡಿಸ್ರಿ ಅಂದ್ರೆ ಕೆಡವ್ತೀರಲ್ಲ!"

ಮೂಕಮ್ಮ ಕೈಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ಶೇಷಮ್ಮ ತಿರುಗಲಿಲ್ಲ. "ಬರ್ರಿ. ಆ ಕಡೆ ಕೂರ್ರಿ, ಇಲ್ಲಿ ಮಣ್ಣು ಬೀಳ್ತೈತಿ. ನಿನ್ನೆ ಬಂದಿದ್ರೆ ಗೋಡೆ ಬೆಳ್ಳಗೆ ಇತ್ತು. ನೀವು ಒಪ್ಕಂಡು ದಿನ ಗೊತ್ತು ಮಾಡಿ ಹೋಗ್ತಿದ್ರಿ."

"ಮತ್ತೆ?"

"ಮತ್ತೇನು. ನನ್ನ ಮಗಳು ಅದರ ಬುಡದಾಗೆ ಮಲಗಬೇಕಲ್ಲ." ಇನ್ನೊಂದು ಹೆಂಟೆ ಬಿತ್ತು. ಶೇಷಮ್ಮ ಆಗ ತಿರುಗಿದಳು. ಅದುವರೆಗೆ ನುಂಗಿದ್ದೆಲ್ಲ ಹೇಳಿದಳು: ಓವರ್ಸಿಯರರಿಗೆ ಸಾರಿಸಿ ತೋರಿಸಿದ್ದು, ಗಾಡಿಗಳು, ಹುಲ್ಲಿನ ಮೇಲೆ ಬಂದ ಹೆಂಗಸರು, ಹುಡುಗಿಯ ಸಣ್ಣ ಸೊಂಟ. "ನೀವು ಆರು ಹೆತ್ತೀರಿ, ನಿಮ್ಮ ಪುಣ್ಯ. ನಾನು ಹೆರಲಾರದೆ ಹೋದೋರ್ನ ತೊಳದೀನಿ. ಈ ಬಾಗಿಲಿಂದ ಡಾಕ್ಟ್ರ ಹತ್ರ ನೂರಿಪ್ಪತ್ತು ಹೆಜ್ಜೆ. ಕುಪ್ಪಗಡ್ಡೆಯಿಂದ ಎಷ್ಟು, ನೀವೇ ಹೇಳ್ರಿ."

ಮೂಕಮ್ಮ ಕೈಚೀಲವನ್ನು ಗೂಟಕ್ಕೆ ಹಾಕಿ, ಸೆರಗು ಸಿಕ್ಕಿಸಿ, ಬುಟ್ಟಿ ಎಳೆದುಕೊಂಡು ಬಿದ್ದ ಹೆಂಟೆಗಳನ್ನು ತುಂಬತೊಡಗಿದಳು.

ಸದಾಶಿವಪ್ಪನವರು ಬಂದಾಗ ಇಬ್ಬರ ಕೂದಲೂ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಅವರು ಈ ಸಲ ಬೂಟು ಬಿಚ್ಚಲಿಲ್ಲ. ಕಿಂಡಿಯೊಳಗೆ ತೋಳು ಹಾಕಿದರು. ಮೊಣಕೈ ದಾಟಿ ಹೋಯಿತು. ತೆಗೆದು, ಅಂಗಿ ಕೊಡವಿ, ಸೂರಿನ ಕಡೆ ನೋಡಿ, ಎರಡು ಹೆಜ್ಜೆ ಹಿಂದೆ ಬಂದರು.

"ಇದನ್ನ ಮುಚ್ಚಿ ಸುಣ್ಣ ಹೊಡ್ದು ನನ್ನ ಮುಂದಿಟ್ಟಿದ್ದೇನಮ್ಮ ನೀನು?"

"ಹೌದು ಸಾಹೇಬ್ರೆ."

"ನೀವೂ ಒಪ್ಕಂಡ್ರಲ್ಲ!" ಎಂದಳು ಮೂಕಮ್ಮ ಬುಟ್ಟಿಯ ಪಕ್ಕದಿಂದ. "ಅವಳು ಓದದಿರೋಳು, ನೆಂಟರು ಬರ್ತಾರೆ ಅಂತ ಸಾರಿಸಿದ್ಲು. ನೀವು ಪುಸ್ತಕ ಹಿಡ್ಕಂಡು ಬಂದೋರು. ನಮ್ಮೂರಲ್ಲಿ ಎತ್ತು ಕೊಳ್ಳೋನೂ ಬಾಯಿ ಬಿಡಿಸಿ ಹಲ್ಲು ನೋಡ್ತಾನೆ."

ಸದಾಶಿವಪ್ಪನವರು ಈ ಹೊಸ ಹೆಂಗಸನ್ನು ನೋಡಿದರು. "ಇವರ್ಯಾರು?"

"ನಾನು ಈ ಮನೇಗೆ ಸೊಸೆ ಕಳ್ಸಬೇಕಾದೋಳು. ಚೊಚ್ಚಲ ಬಸುರಿ. ಚೈತ್ರದಾಗೆ ಕುಬಸ. ಅಷ್ಟ್ರೊಳಗೆ ಆಗ್ತೈತೋ ಇಲ್ವೋ ಹೇಳಿಬಿಡ್ರಿ."

ಅವರು ಜಗಲಿಗೆ ಹೋಗಿ ಕೂತು ಪುಸ್ತಕ ತೆರೆದರು. ಬಿರುಕೆಂದು ಬರೆದರೆ ಅಂದಾಜುಪಟ್ಟಿ ಮೇಲೆ ಹೋಗಿ ಮಂಜೂರಾಗಿ ಬರುವಷ್ಟರಲ್ಲಿ ದಸರಾ. ಬೀಳುವ ಗೋಡೆ ಎಂದು ಬರೆದರೆ ಕೂಡಲೇ ಇಳಿಸಿ ಕಟ್ಟಬೇಕು, ಅದಕ್ಕೆ ಕಾಯುವಂತಿಲ್ಲ. ಹಾಗೆ ಬರೆಯಲು ಗೋಡೆ ಬೀಳುವಂತೆ ಕಾಣಬೇಕು. ಈಗ ಕಾಣುತ್ತಿತ್ತು. ಹಳೆಯ ಸಾಲಿನ ಕೆಳಗೆ, ಗಿಲಾವು ತೆಗೆಸಿ ನೋಡಲಾಗಿ ಎಂದು ಶುರುಮಾಡಿ ಬರೆದು, ರುಜು ಹಾಕಿ, ದಿನಾಂಕ ಹಾಕಿದರು.

"ಮೇಸ್ತ್ರೀನ ಕಳಿಸ್ತೀನಿ. ಅಲ್ಲೀತನಕ ಆ ಕೋಣೆಗೆ ಯಾರೂ ಹೋಗಬ್ಯಾಡ್ರಿ. ಮತ್ತೆ ತಾಯೀ," ಅವರು ಬೆರಳು ಎತ್ತಿದರು, "ಅವನು ಬರೋತನಕ ಆ ಗೋಡೀಗೆ ಒಂದ್ ಹಿಡಿ ಮಣ್ಣು ತಾಕಿಸಿದೆಯೋ, ನನ್ನ ನೌಕರಿ ಹೋಗ್ತೈತಿ."

"ಇಲ್ಲ ಸಾಹೇಬ್ರೆ."

"ನಾನು ಕಾವಲು ಇರ್ತೀನ್ರೀ" ಎಂದ ಮಾರಪ್ಪ ಹೊರಗಿನಿಂದ.

ಆ ಹದಿನೇಳು ದಿನ ಶೇಷಮ್ಮನಿಗೆ ಉಪವಾಸದಷ್ಟು ಕಷ್ಟವಾಯಿತು. ಮುಂದಿನ ಎರಡು ಅಂಕಣ ಫಳಫಳ ಹೊಳೆಯುವುದು, ಹಿಂದಿನದು ಬಾಯಿ ತೆರೆದುಕೊಂಡಿರುವುದು. ಗೋಣಿ ಕಟ್ಟಿ ಮರೆ ಮಾಡಿದಳು. ಕೆಲಸದಿಂದ ಬಂದಾಗ ಕೈ ತಾನಾಗಿ ಮಣ್ಣಿನ ಬುಟ್ಟಿಯ ಕಡೆ ಹೋದರೆ, ಎದ್ದು ಬಾವಿಗೆ ಹೋಗಿ ಬೇಕಿಲ್ಲದ ನೀರು ಸೇದಿಕೊಂಡು ಬರುತ್ತಿದ್ದಳು.

ಮೇಸ್ತ್ರಿ ಸುಬ್ಬಪ್ಪ ಯುಗಾದಿಗೆ ನಾಲ್ಕು ದಿನ ಇರುವಾಗ ಬಂದ. ಹಳೆಯ ಗೋಡೆ ಇಳಿಸುವ ಕೆಲಸ ಅರ್ಧ ದಿನವೂ ಹಿಡಿಯಲಿಲ್ಲ. ಚರಂಡಿಯ ಕಡೆಗೆ ಕಲ್ಲಿನ ತಳಪಾಯ ಹಾಕಿ, ಮೇಲೆ ಸುಟ್ಟ ಇಟ್ಟಿಗೆ ಏರಿಸಿದ. ಗೋಡೆ ಕಿಟಕಿಯ ಎತ್ತರ ಮುಟ್ಟಿದ ದಿನ ಮೂಕಮ್ಮ ಸಂತೆಯಿಂದ ಹಾದು ಬಂದು, ಮುಷ್ಟಿಯಿಂದ ನಾಲ್ಕು ಕಡೆ ಗುದ್ದಿ ನೋಡಿ, "ಬರೋ ಸೋಮವಾರ ಕುಬಸ. ಬಂದು ಕರ್ಕಂಡು ಹೋಗ್ರಿ" ಎಂದು ಹೇಳಿ, ನೀರೂ ಕುಡಿಯದೆ ಬಸ್ಸಿಗೆ ಓಡಿದ್ದಳು.

ಸೋಮವಾರ ಬೆಳಿಗ್ಗೆ ಸುಬ್ಬಪ್ಪ ಒಳಗಿನ ಗಾರೆ ಎಳೆಯುತ್ತಿದ್ದ. ಶೇಷಮ್ಮ ಮಗಳ ಮದುವೆಯಲ್ಲಿ ಉಟ್ಟು ಎತ್ತಿಟ್ಟಿದ್ದ ಕೆಂಪು ಅಂಚಿನ ಸೀರೆ ಉಟ್ಟು, ಹಸಿರು ಬಳೆಯ ಮಲಾರ, ಕುಬಸದ ಕಣ, ಹೂರಣದ ಡಬ್ಬಿ ಎಲ್ಲ ಒಂದು ಬುಟ್ಟಿಗೆ ಜೋಡಿಸಿ ತಲೆಯ ಮೇಲೆ ಇಟ್ಟುಕೊಂಡಿದ್ದಳು. ಬಸ್ಸು ನಿಲ್ದಾಣದ ಕಡೆಯಿಂದ ಹಾರನ್ನು ಕೇಳಿಸಿತು.

"ದೀಪದ ಗೂಡು ಯಾವ ಕಡೆ ಬಿಡ್ಲಿ ಅಕ್ಕಾ?" ಎಂದು ಸುಬ್ಬಪ್ಪ ಒಳಗಿನಿಂದ ಕೂಗಿದ.

"ಬಾಣಂತಿ ತಲೆ ದೆಸೀಗೆ ಬಿಡು, ಗಾಳಿ ಬಡೀಬಾರ್ದು. ಮಂಚ ಈ ಕಡೆ ಬರ್ತೈತಿ, ನೀರೊಲೆ ಆ ಮೂಲೀಗೆ. ಮತ್ತೆ ಮ್ಯಾಲೆ ತೊಲೀಗೆ ತೊಟ್ಲು ಕಟ್ಟಾಕೆ ಎರಡು ಕೊಂಡಿ ಬೇಕು, ಗಟ್ಟಿ ಇರಬೇಕು, ನನ್ನ ಮಗಳ ಕೂಸು ಏನಾದ್ರೂ ಅವರಜ್ಜಿ ಕುಪ್ಪಗಡ್ಡೆ ಮೂಕಮ್ಮನಂಗೆ ಆತು ಅಂದ್ರೆ" ಎನ್ನುತ್ತಲೇ ಅಂಗಳ ಇಳಿದು, ಎಂಟನೆಯ ಮನೆ ದಾಟಿ, ಹುಣಿಸೆಮರದ ನೆರಳು ದಾಟಿ, ಬಸ್ಸಿನ ಕಡೆ ಬಿರಬಿರನೆ ನಡೆಯುತ್ತ, "ಒಂದ್ ದಿನಾನೂ ಸುಮ್ನೆ ಮಲಗೋ ಜಾತಿ ಅಲ್ಲ, ಕಾಲು ಬಡ್ದೂ ಬಡ್ದೂ ಆ ಕೊಂಡೀನೇ ಕಿತ್ತುಹಾಕ್ತೈತಿ" ಎಂದಳು.